ಎಸ್ಸೆಸ್ಸೆಲ್ಸಿ ನಂತರ ಏನು ಓದಬೇಕು? ಕೆಲಸ ಮೊದಲು, ಕೋರ್ಸ್ ಆಮೇಲೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ‘ಯಾವ ಕಾಲೇಜು?’ ಎಂಬುದು. ಎರಡನೆಯದು ‘ಸೈನ್ಸೋ ಕಾಮರ್ಸೋ?’ ಎಂಬುದು. ‘ಓದಿ ಮುಗಿಸಿದ ಮೇಲೆ ದಿನವಿಡೀ ಏನು ಕೆಲಸ ಮಾಡುತ್ತೀಯ?’ ಎಂದು ಕೇಳುವ ಹೊತ್ತಿಗೆ ಶುಲ್ಕ ಕಟ್ಟಿ ಆಗಿರುತ್ತದೆ. ದಸರಾ ರಜೆಗೆ ಊರಿಗೆ ಬಂದ ಮಗು ‘ನನಗೆ ಇದು ಆಗುವುದಿಲ್ಲ’ ಎಂದು ಅಳುತ್ತದೆ. ಪ್ರತಿವರ್ಷ ಇದೇ ನಡೆಯುತ್ತಿದೆ. ಮಕ್ಕಳು ದಡ್ಡರಾಗಿ ಹೀಗಾಗುವುದಿಲ್ಲ. ಮೂರೂ ಪ್ರಶ್ನೆಗಳನ್ನು ತಲೆಕೆಳಗಾಗಿ ಕೇಳಿಕೊಂಡಿದ್ದರಿಂದ ಹೀಗಾಗುತ್ತದೆ.

ಈ ಮಾರ್ಗದರ್ಶಿ ಅದೇ ಪ್ರಶ್ನೆಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸುತ್ತದೆ. ಹತ್ತನೆಯ ತರಗತಿ ಪರೀಕ್ಷೆ ಬರೆದು ರಜೆಯಲ್ಲಿರುವವರಿಗಾಗಿ ಇದನ್ನು ಬರೆದಿದ್ದೇನೆ. ಫಲಿತಾಂಶಕ್ಕೆ ಕಾಯಬೇಡಿ, ಕೊನೆಯ ಪರೀಕ್ಷೆ ಮುಗಿದ ವಾರವೇ ಶುರುಮಾಡಿ. ದ್ವಿತೀಯ ಪಿಯುಸಿಯವರೂ ಇದನ್ನು ಅನುಸರಿಸಬಹುದು, ಆದರೆ ಅವರಿಗೆ ನಾಲ್ಕನೆಯ ಹಂತದಲ್ಲಿ ಕೆಲವು ಬಾಗಿಲುಗಳು ಆಗಲೇ ಮುಚ್ಚಿರುತ್ತವೆ.

ಮೊದಲು ಕೈಗೆ ಬೇಕಾದವು

ನೂರು ಪುಟದ ಒಂದು ನೋಟ್‌ಬುಕ್. ಒಂಬತ್ತು ಮತ್ತು ಹತ್ತನೆಯ ತರಗತಿಯಲ್ಲಿ ನೀವು ಉತ್ತರ ಬರೆದ ಪರೀಕ್ಷೆಗಳ ಪತ್ರಿಕೆಗಳು, ಸಿಕ್ಕಷ್ಟು. ಪಕ್ಕದ ಮನೆಯ ಅಕ್ಕನಿಂದಲೋ ಅಣ್ಣನಿಂದಲೋ ಎರವಲು ತಂದ ಪ್ರಥಮ ಪಿಯುಸಿ ಪುಸ್ತಕಗಳು, ವಿಜ್ಞಾನದ್ದೊಂದು, ವಾಣಿಜ್ಯದ್ದೊಂದು, ಕಲಾ ವಿಭಾಗದ್ದೊಂದು. ಆಧಾರ್, ಪಡಿತರ ಚೀಟಿ, ಅಂಕಪಟ್ಟಿಗಳನ್ನು ಇಡಲು ಒಂದು ಕಡತ. ನಾಲ್ಕಾರು ದಿನ ಓಡಾಡಲು ಬಸ್ಸಿನ ಖರ್ಚು. ದುಡ್ಡು ಕೊಟ್ಟು ಮಾಡಿಸುವ ‘ಅಭಿರುಚಿ ಪರೀಕ್ಷೆ’ಗಳ ಅಗತ್ಯ ಈಗ ಇಲ್ಲ. ಆ ಹಣವನ್ನು ಬಸ್ಸಿಗೆ ಇಟ್ಟುಕೊಳ್ಳಿ.

ಹಂತ 1: ತಲೆಯಲ್ಲಿರುವುದನ್ನು ಕಾಗದಕ್ಕೆ ಇಳಿಸಿ

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮೂರು ಅಂಕಣ ಎಳೆಯಿರಿ. ಮೊದಲನೆಯದರಲ್ಲಿ ನೀವು ಯಾವಾಗಲಾದರೂ ಆಗಬೇಕೆಂದುಕೊಂಡ ಎಲ್ಲ ಕೆಲಸಗಳ ಹೆಸರು ಬರೆಯಿರಿ. ಚಿಕ್ಕಂದಿನಲ್ಲಿ ಬಸ್ ಚಾಲಕನಾಗಬೇಕು ಎಂದುಕೊಂಡಿದ್ದರೆ ಅದನ್ನೂ ಬರೆಯಿರಿ. ಎರಡನೆಯ ಅಂಕಣದಲ್ಲಿ ಆ ಆಸೆ ಯಾರಿಂದ ಬಂತು ಎಂದು ಬರೆಯಿರಿ: ಅಪ್ಪ, ಸೋದರಮಾವ, ಶಾಲೆಯ ಟೀಚರ್, ಮೊಬೈಲಿನಲ್ಲಿ ನೋಡಿದ ವಿಡಿಯೊ. ಮೂರನೆಯದರಲ್ಲಿ, ಆ ಕೆಲಸ ಮಾಡುವವರು ಬೆಳಿಗ್ಗೆಯಿಂದ ಸಂಜೆಯವರೆಗೆ ಏನು ಮಾಡುತ್ತಾರೆ ಎಂದು ನಿಮಗೆ ಗೊತ್ತಿರುವಷ್ಟನ್ನು ಬರೆಯಿರಿ.

ಮೂರನೆಯ ಅಂಕಣ ಹೆಚ್ಚಿನವರಿಗೆ ಖಾಲಿ ಉಳಿಯುತ್ತದೆ. ‘ಸಾಫ್ಟ್‌ವೇರ್ ಎಂಜಿನಿಯರ್’ ಎಂದು ಬರೆದ ಹುಡುಗ ಅದರ ಎದುರು ‘ಕಂಪ್ಯೂಟರ್ ಮುಂದೆ ಕೂರುವುದು’ ಎಂದಷ್ಟೇ ಬರೆದಿರುತ್ತಾನೆ. ಅದಕ್ಕಾಗಿ ನಾಚಿಕೊಳ್ಳಬೇಕಿಲ್ಲ. ಯಾವ ಕೆಲಸವನ್ನು ಹೋಗಿ ನೋಡಬೇಕು ಎಂಬುದು ಆ ಖಾಲಿ ಜಾಗಗಳಿಂದಲೇ ತಿಳಿಯುತ್ತದೆ.

ಮುಂದಿನ ಪುಟದಲ್ಲಿ ಯಾರೂ ಹೇಳದೆ ನೀವಾಗಿಯೇ ಮಾಡಿದ ಕೆಲಸಗಳನ್ನು ಪಟ್ಟಿ ಮಾಡಿ. ಹಾಳಾದ ಮಿಕ್ಸಿ ಬಿಚ್ಚಿ ನೋಡಿದ್ದು, ಸಂಘದ ಉಳಿತಾಯದ ಪುಸ್ತಕದಲ್ಲಿ ಅಮ್ಮನಿಗೆ ಲೆಕ್ಕ ಬರೆದುಕೊಟ್ಟದ್ದು, ತಮ್ಮನಿಗೆ ಗಣಿತ ಹೇಳಿಕೊಟ್ಟದ್ದು, ಅಜ್ಜಿ ಆಸ್ಪತ್ರೆಯಲ್ಲಿದ್ದಾಗ ರಾತ್ರಿ ಜೊತೆಗಿದ್ದದ್ದು. ‘ನನಗೆ ಸೃಜನಶೀಲತೆ ಇದೆ’, ‘ನಾನು ಕಷ್ಟಪಡುವವಳು’ ಎಂಬಂಥ ವಾಕ್ಯಗಳನ್ನು ಬರೆಯಬೇಡಿ, ಅವು ಯಾವ ತೀರ್ಮಾನಕ್ಕೂ ದಾರಿ ತೋರಿಸುವುದಿಲ್ಲ. ಮಾಡಿದ ಕೆಲಸವನ್ನಷ್ಟೇ ಬರೆಯಿರಿ.

ಹಂತ 2: ಅಂಕಪಟ್ಟಿಯ ಹಿಂದೆ ಏನಿದೆ ಎಂದು ನೋಡಿ

625ಕ್ಕೆ ಇಷ್ಟು ಬಂತು ಎಂಬ ಒಟ್ಟು ಮೊತ್ತದಿಂದ ವಿಭಾಗ ಆರಿಸುವುದು ಅತಿ ಸಾಮಾನ್ಯವಾದ ತಪ್ಪು. ಆ 625ರಲ್ಲಿ ಪ್ರಥಮ ಭಾಷೆಗೇ 125 ಅಂಕ ಇದೆ, ಉಳಿದ ಐದು ವಿಷಯಗಳಿಗೆ ತಲಾ 100. ಪ್ರತಿ ವಿಷಯದಲ್ಲೂ ಒಂದು ಪಾಲು ಶಾಲೆಯೇ ಕೊಡುವ ಆಂತರಿಕ ಅಂಕ. ಮೂರು ಭಾಷೆಗಳಲ್ಲಿ ಚೆನ್ನಾಗಿ ಬರೆದ ವಿದ್ಯಾರ್ಥಿಯ ಮೊತ್ತ ದೊಡ್ಡದಾಗಿರಬಹುದು. ‘ಇಷ್ಟು ಅಂಕ ಬಂದಿದೆ, ಸೈನ್ಸ್ ತೆಗೆದುಕೊಳ್ಳದಿದ್ದರೆ ವ್ಯರ್ಥ’ ಎಂದು ನೆಂಟರು ಹೇಳುವುದು ಈ ಮೊತ್ತವನ್ನು ನೋಡಿ.

ಬದಲಿಗೆ ಹಳೆಯ ಪತ್ರಿಕೆಗಳನ್ನು ತೆಗೆದು ಗಣಿತ ಮತ್ತು ವಿಜ್ಞಾನದ ಪ್ರಶ್ನೆಗಳಿಗೆ ಎರಡು ಗುರುತು ಹಾಕಿ. ಬಾಯಿಪಾಠದಿಂದ ಅಥವಾ ಹಿಂದೆ ಮಾಡಿದ್ದನ್ನೇ ಮತ್ತೆ ಮಾಡಿ ಅಂಕ ಬಂದದ್ದಕ್ಕೆ ಒಂದು. ಎಂದೂ ನೋಡಿರದ ಪ್ರಶ್ನೆಯನ್ನು ಯೋಚಿಸಿ ಬಿಡಿಸಿದ್ದಕ್ಕೆ ಇನ್ನೊಂದು. ಪಿಯುಸಿ ವಿಜ್ಞಾನದಲ್ಲಿ ಕೈಹಿಡಿಯುವುದು ಎರಡನೆಯದು. ಎರಡನೆಯ ಗುರುತು ಬಹಳ ಕಡಿಮೆ ಇದ್ದರೆ ವಿಜ್ಞಾನ ಬೇಡ ಎಂದು ತಕ್ಷಣ ನಿರ್ಧರಿಸಬೇಡಿ, ಮುಂದಿನ ಪರೀಕ್ಷೆ ಮಾಡಿ.

ಎರವಲು ತಂದ ಪುಸ್ತಕಗಳಿಂದ ಭೌತಶಾಸ್ತ್ರದ ಚಲನೆಯ ಅಧ್ಯಾಯ, ಲೆಕ್ಕಶಾಸ್ತ್ರದ ಜರ್ನಲ್ ನಮೂದುಗಳ ಅಧ್ಯಾಯ, ಇತಿಹಾಸ ಅಥವಾ ಅರ್ಥಶಾಸ್ತ್ರದ ಒಂದು ಅಧ್ಯಾಯ ಆರಿಸಿಕೊಳ್ಳಿ. ಪ್ರತಿಯೊಂದಕ್ಕೂ ಎರಡು ದಿನ ಕೊಡಿ. ಓದಿ, ಕೊನೆಯ ಅಭ್ಯಾಸಗಳಲ್ಲಿ ಐದನ್ನು ಮಾಡಿ. ಉತ್ತರ ಸರಿಯೋ ತಪ್ಪೋ ಎಂಬುದಕ್ಕಿಂತ ಇದನ್ನು ಗಮನಿಸಿ: ತಪ್ಪಾದ ಮೇಲೆ ಯಾವುದಕ್ಕೆ ನೀವು ಮತ್ತೆ ಕೂತಿರಿ? ಯಾವ ಪುಸ್ತಕವನ್ನು ಎರಡನೆಯ ದಿನ ತೆರೆಯಲೇ ಮನಸ್ಸಾಗಲಿಲ್ಲ?

ಕನ್ನಡ ಮಾಧ್ಯಮದವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಭೌತಶಾಸ್ತ್ರದ ಪುಟ ಅರ್ಥವಾಗದಿದ್ದರೆ ಕಾರಣ ವಿಷಯವೋ ಇಂಗ್ಲಿಷೋ ಎಂದು ಬೇರ್ಪಡಿಸಿ ನೋಡಬೇಕು. ಅದೇ ಅಧ್ಯಾಯವನ್ನು ಯಾರಾದರೂ ಕನ್ನಡದಲ್ಲಿ ವಿವರಿಸಿದಾಗ ತಿಳಿದರೆ ನಿಮಗೆ ಕಷ್ಟವಾಗಿರುವುದು ಭಾಷೆ ಮಾತ್ರ. ರಜೆಯಲ್ಲಿ ದಿನಕ್ಕೆ ಹತ್ತರಂತೆ ಪಾರಿಭಾಷಿಕ ಪದಗಳನ್ನು ಬರೆದುಕೊಂಡರೆ, ವೇಗೋತ್ಕರ್ಷಕ್ಕೆ ಆಕ್ಸಿಲರೇಷನ್, ಸಂಯೋಜಕತೆಗೆ ವೇಲೆನ್ಸಿ ಎಂದು ಜೋಡಿಸುತ್ತಾ ಹೋದರೆ, ಮೊದಲ ಮೂರು ತಿಂಗಳ ಗಾಬರಿ ಬಹಳಷ್ಟು ತಪ್ಪುತ್ತದೆ. ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆಗಳಾದ ಸಿಇಟಿ ಮತ್ತು ನೀಟ್ ಎರಡರ ಪ್ರಶ್ನೆಪತ್ರಿಕೆಯೂ ಕನ್ನಡದಲ್ಲಿ ದೊರೆಯುತ್ತದೆ ಎಂಬುದೂ ತಿಳಿದಿರಲಿ. ಇಂಗ್ಲಿಷಿಗೆ ಹೆದರಿ ವಿಜ್ಞಾನ ಬಿಟ್ಟ ಒಳ್ಳೆಯ ಮಕ್ಕಳನ್ನು ಕಂಡಾಗ ನನಗೆ ತುಂಬ ಸಂಕಟವಾಗುತ್ತದೆ. ಆ ಹೆದರಿಕೆಗೆ ಮದ್ದಿದೆ, ಒಂದು ರಜೆ ಸಾಕು.

ಹಂತ 3: ಮೂರು ಕೆಲಸಗಳನ್ನು ಕಣ್ಣಾರೆ ನೋಡಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತವನ್ನು ಮಾಡಲು ಸಮಯವಿದ್ದರೆ ಇದನ್ನು ಮಾಡಿ. ಬಹುತೇಕ ಎಲ್ಲರೂ ಬಿಟ್ಟುಬಿಡುವುದೂ ಇದನ್ನೇ.

ಮೊದಲ ಪುಟದಿಂದ ಮೂರು ಕೆಲಸಗಳನ್ನು ಆರಿಸಿ. ಎರಡು ನಿಮಗೆ ಇಷ್ಟವಾದವು, ಒಂದು ಮನೆಯವರಿಗೆ ಇಷ್ಟವಾದದ್ದು. ಆ ಕೆಲಸ ಮಾಡುವವರನ್ನು ನಿಮ್ಮ ಊರಿನಲ್ಲಿ ಅಥವಾ ತಾಲ್ಲೂಕು ಕೇಂದ್ರದಲ್ಲಿ ಹುಡುಕಿ. ಲೆಕ್ಕಪರಿಶೋಧಕರ ಕಚೇರಿ, ವಕೀಲರ ಕಚೇರಿ, ಸರ್ವೆಯರ್, ಪ್ರಯೋಗಾಲಯ ತಂತ್ರಜ್ಞ, ಲೈನ್‌ಮನ್, ಔಷಧಿ ಅಂಗಡಿಯವರು, ಪ್ರಾಥಮಿಕ ಆರೋಗ್ಯ ಕೇಂದ್ರದ ಶುಶ್ರೂಷಕಿ, ಲೇತ್ ಯಂತ್ರದ ವರ್ಕ್‌ಶಾಪ್ ಇಲ್ಲದ ತಾಲ್ಲೂಕು ಇಲ್ಲ.

ಕೇಳುವ ಬಗೆ ಸರಳವಾಗಿರಲಿ. ‘ಸರ್, ನಾನು ಈ ವರ್ಷ ಎಸ್ಸೆಸ್ಸೆಲ್ಸಿ ಬರೆದಿದ್ದೇನೆ. ಮುಂದೆ ಈ ಕೆಲಸಕ್ಕೆ ಬರಬಹುದೇ ಎಂದು ಯೋಚಿಸುತ್ತಿದ್ದೇನೆ. ಒಂದು ದಿನ ನಿಮಗೆ ತೊಂದರೆಯಾಗದಂತೆ ಜೊತೆಗಿದ್ದು ನೋಡಬಹುದೇ?’ ಇಷ್ಟು ಸಾಕು. ಮೊದಲ ಸಲ ಅಪ್ಪನೋ ಅಮ್ಮನೋ ಪರಿಚಯದವರೋ ಜೊತೆಗೆ ಬಂದು ಮಾತಾಡಿಸಲಿ, ಅದರಿಂದ ಎದುರಿನವರಿಗೂ ನಂಬಿಕೆ ಬರುತ್ತದೆ. ಒಬ್ಬರು ಆಗುವುದಿಲ್ಲ ಎಂದರೆ ನಮಸ್ಕಾರ ಹೇಳಿ ಇನ್ನೊಬ್ಬರನ್ನು ಕೇಳಿ.

ಒಂದು ಗಂಟೆ ಹೋಗಿ ಬರುವುದರಿಂದ ಉಪಯೋಗವಿಲ್ಲ. ಅಷ್ಟು ಹೊತ್ತಿನಲ್ಲಿ ಅವರು ಕುರ್ಚಿ ಹಾಕಿ, ಕಾಫಿ ಕೊಟ್ಟು, ಒಳ್ಳೆಯ ಮಾತು ಹೇಳಿ ಕಳಿಸುತ್ತಾರೆ. ಬೆಳಿಗ್ಗೆ ಬಾಗಿಲು ತೆರೆಯುವಾಗ ಹೋಗಿ, ಸಂಜೆ ಮುಚ್ಚುವವರೆಗೆ ಇರಿ. ಅರ್ಧ ಗಂಟೆಗೊಮ್ಮೆ ಅವರು ಏನು ಮಾಡುತ್ತಿದ್ದಾರೆ ಎಂದು ಒಂದು ಸಾಲು ಬರೆದುಕೊಳ್ಳಿ.

ಪಶುವೈದ್ಯೆಯಾಗಬೇಕೆಂದಿದ್ದ ಒಬ್ಬ ಹುಡುಗಿಯ ನೋಟ್‌ಬುಕ್ಕಿನ ಪುಟ ಹೀಗಿತ್ತು: ‘ಒಂಬತ್ತೂವರೆ: ರಿಜಿಸ್ಟರ್ ಬರೆಯುವುದು. ಹತ್ತು: ಎಮ್ಮೆಗೆ ಕೆಚ್ಚಲು ಬಾವು, ಹಾಲು ಹಿಂಡಿ ನೋಡಿದರು, ಇಂಜೆಕ್ಷನ್. ಹತ್ತೂವರೆ: ಭುಜದವರೆಗೆ ಕೈಗವಸು ಹಾಕಿಕೊಂಡು ಹಸುವಿನ ಗರ್ಭ ಪರೀಕ್ಷೆ. ಹನ್ನೊಂದು: ದ್ರವ ಸಾರಜನಕದ ಕ್ಯಾನಿನಿಂದ ವೀರ್ಯದ ನಳಿಕೆ ತೆಗೆದು ಕೃತಕ ಗರ್ಭಧಾರಣೆ. ಹನ್ನೆರಡು: ಬೈಕಿನಲ್ಲಿ ಪಕ್ಕದ ಹಳ್ಳಿ, ಕಾಲುಬಾಯಿ ಜ್ವರದ ಲಸಿಕೆ, ಹಸು ಒದೆಯಿತು. ಎರಡು: ಊಟ. ಮೂರು: ಮೇಲಿನ ಕಚೇರಿಗೆ ವರದಿ. ನಾಲ್ಕು: ಸತ್ತ ಮೇಕೆಗೆ ವಿಮೆ, ರೈತನ ಜೊತೆ ಮಾತು, ಆತ ಅಳುತ್ತಿದ್ದ.’ ನಾಯಿಮರಿಗಳೆಂದರೆ ಪ್ರೀತಿ ಎಂದು ಪಶುವೈದ್ಯಕೀಯ ಬಯಸಿದ್ದವಳು ಅವಳು. ಆ ದಿನದಲ್ಲಿ ಒಂದು ನಾಯಿಮರಿಯೂ ಇರಲಿಲ್ಲ. ಆದರೂ ಕೊನೆಯ ಸಾಲಿನಲ್ಲಿ ‘ನಾಳೆ ಮತ್ತೆ ಬರಲೇ ಎಂದು ಕೇಳಿದೆ’ ಎಂದು ಬರೆದಿದ್ದಳು. ಇಂಥ ಸಾಲು ತಾನಾಗಿ ಬಂದರೆ ಅದಕ್ಕಿಂತ ಒಳ್ಳೆಯ ಸೂಚನೆ ಬೇಕಿಲ್ಲ.

ಸಂಜೆ ಹೊರಡುವ ಮೊದಲು ಈ ಪ್ರಶ್ನೆಗಳನ್ನು ಕೇಳಿ. ಈ ಕೆಲಸದಲ್ಲಿ ನಿಮಗೆ ಬೇಸರ ತರಿಸುವ ಭಾಗ ಯಾವುದು? ಓದು ಮುಗಿದ ಮೇಲೆ ಮೊದಲ ಸಂಬಳ ಬರುವವರೆಗೆ ಎಷ್ಟು ಕಾಲ ಹಿಡಿಯಿತು? ಈಗ ಹೊಸದಾಗಿ ಸೇರುವವರಿಗೆ ಎಷ್ಟು ಕೊಡುತ್ತಾರೆ? ನಿಮ್ಮ ಜೊತೆ ಓದಿದವರಲ್ಲಿ ಇದೇ ಕೆಲಸದಲ್ಲಿ ಉಳಿದವರು ಎಷ್ಟು ಮಂದಿ, ಬಿಟ್ಟುಹೋದವರು ಏನು ಮಾಡುತ್ತಿದ್ದಾರೆ? ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಒಂದು ಕೋರ್ಸಿನ ನಿಜವಾದ ಫಲಿತಾಂಶ ಅದರ ಉತ್ತರದಲ್ಲಿ ಸಿಗುತ್ತದೆ, ಕಾಲೇಜಿನ ಹೊರಗೆ ಕಟ್ಟಿದ ಬ್ಯಾನರಿನಲ್ಲಿ ಸಿಗುವುದಿಲ್ಲ.

ಇಲ್ಲಿ ಆಗುವ ತಪ್ಪುಗಳು ಎರಡು. ಜಿಲ್ಲೆಯಲ್ಲೇ ಹೆಸರಾದ ವೈದ್ಯರನ್ನೋ ದೊಡ್ಡ ವಕೀಲರನ್ನೋ ಮಾತ್ರ ಕೇಳುವುದು ಒಂದು. ಅವರು ಇಪ್ಪತ್ತೈದು ವರ್ಷಗಳ ನಂತರದ ಬದುಕನ್ನು ತೋರಿಸುತ್ತಾರೆ. ಕೆಲಸಕ್ಕೆ ಸೇರಿ ಎರಡು ಮೂರು ವರ್ಷವಾದವರನ್ನು ಕೇಳಿ. ಇನ್ನೊಂದು, ಕೋರ್ಸ್ ಮಾರುವವರ ಬಳಿಯೇ ಸಲಹೆ ಕೇಳುವುದು. ಶುಲ್ಕದಿಂದ ನಡೆಯುವ ಸಂಸ್ಥೆಯವರು ‘ನಿನಗೆ ನಮ್ಮ ಕೋರ್ಸ್ ಸರಿಹೋಗದು’ ಎಂದು ಹೇಳುವುದನ್ನು ನಾನಂತೂ ಕೇಳಿಲ್ಲ.

ಹಂತ 4: ಕೆಲಸದಿಂದ ಹಿಂದಕ್ಕೆ ಬಂದು ವಿಷಯ ಆರಿಸಿ

ಈಗ ಮಾತ್ರ ವಿಭಾಗದ ಮಾತು. ನೀವು ನೋಡಿ ಬಂದ ಕೆಲಸಕ್ಕೆ ಯಾವ ಪದವಿ ಬೇಕು, ಆ ಪದವಿಗೆ ಪಿಯುಸಿಯಲ್ಲಿ ಯಾವ ವಿಷಯ ಇರಲೇಬೇಕು ಎಂದು ಹಿಂದಕ್ಕೆ ಲೆಕ್ಕ ಹಾಕಿ.

ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ. ಗಣಿತ ಬಿಟ್ಟರೆ ಎಂಜಿನಿಯರಿಂಗ್ ಮತ್ತು ವಾಸ್ತುಶಿಲ್ಪದ ಬಾಗಿಲು ಮುಚ್ಚುತ್ತದೆ. ಜೀವಶಾಸ್ತ್ರ ಬಿಟ್ಟರೆ ವೈದ್ಯಕೀಯ, ದಂತವೈದ್ಯ, ಆಯುರ್ವೇದ, ಪಶುವೈದ್ಯಕೀಯ ಹೋಗುತ್ತವೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ನಾಲ್ಕೂ ಇರುವ ಪಿಸಿಎಂಬಿ ಎರಡು ಕಡೆಯನ್ನೂ ತೆರೆದಿಡುತ್ತದೆ. ಆದರೆ ಅದರ ಹೊರೆ ದೊಡ್ಡದು. ‘ಯಾವುದಕ್ಕೂ ಇರಲಿ’ ಎಂದು ಅದನ್ನು ತೆಗೆದುಕೊಂಡು ಎರಡೂ ಕಡೆ ಅರೆಬರೆಯಾದವರು ಬಹಳ. ಮೂರನೆಯ ಹಂತದಲ್ಲಿ ನೀವು ನೋಡಿದ್ದು ಎರಡೂ ಬಗೆಯ ಕೆಲಸಗಳಾಗಿದ್ದು, ಎರಡೂ ಹಿಡಿಸಿದ್ದರೆ ಮಾತ್ರ ಪಿಸಿಎಂಬಿ ತೆಗೆದುಕೊಳ್ಳಿ. ಕಂಪ್ಯೂಟರ್ ಕಡೆಗೆ ಮನಸ್ಸು ಗಟ್ಟಿಯಾಗಿದ್ದರೆ ಜೀವಶಾಸ್ತ್ರದ ಬದಲು ಕಂಪ್ಯೂಟರ್ ವಿಜ್ಞಾನವಿರುವ ಪಿಸಿಎಂಸಿ ಸಾಕು.

ವಿಜ್ಞಾನ ಓದಲೇಬೇಕೆಂಬ ಕಡ್ಡಾಯವಿಲ್ಲದ ಕೆಲಸಗಳ ಪಟ್ಟಿ ಜನ ತಿಳಿದಿರುವುದಕ್ಕಿಂತ ಉದ್ದವಿದೆ. ಐದು ವರ್ಷದ ಕಾನೂನು ಪದವಿಗೆ ಯಾವ ವಿಭಾಗದಿಂದಲಾದರೂ ಹೋಗಬಹುದು. ಲೆಕ್ಕಪರಿಶೋಧಕರಾಗಲು ಬರೆಯುವ ಸಿಎ ಫೌಂಡೇಶನ್ ಪರೀಕ್ಷೆಗೂ ಹಾಗೆಯೇ, ವಾಣಿಜ್ಯ ಓದಿದ್ದರೆ ಅನುಕೂಲ ಅಷ್ಟೆ. ಕೆಎಎಸ್, ಐಎಎಸ್ ಪರೀಕ್ಷೆಗಳಿಗೆ ಯಾವುದೇ ಪದವಿ ಸಾಕು. ಕೆಎಎಸ್ ಬರೆಯುವ ಆಸೆ ಇದೆ ಎಂದು ಒಲ್ಲದ ಎಂಜಿನಿಯರಿಂಗ್ ಮಾಡಬೇಕಾಗಿಲ್ಲ. ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಮೂಲಕ ಭೂಸೇನೆಗೆ ಯಾವ ವಿಭಾಗದ ಪಿಯುಸಿಯಾದರೂ ಆದೀತು, ವಾಯುಪಡೆ ಮತ್ತು ನೌಕಾಪಡೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತ ಬೇಕು. ಆದರೆ ಎನ್‌ಡಿಎ ಪ್ರವೇಶ ಪರೀಕ್ಷೆಯಲ್ಲಿ ಗಣಿತದ ಪತ್ರಿಕೆ ಎಲ್ಲರಿಗೂ ಇರುತ್ತದೆ ಎಂಬುದನ್ನು ಕಲಾ ವಿಭಾಗದವರು ಮರೆಯಬಾರದು. ಚಿತ್ರಕಲೆ ನಿಮ್ಮ ದಾರಿಯಾದರೆ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು ಇದೆ. ರಂಗಭೂಮಿಯಾದರೆ ಹೆಗ್ಗೋಡಿನ ನೀನಾಸಂ ಇದೆ.

ವಾಣಿಜ್ಯದಲ್ಲೂ ಆಯ್ಕೆ ಒಂದೇ ಅಲ್ಲ. ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರಗಳ ಜೊತೆ ಇತಿಹಾಸ ಇದ್ದರೆ ಎಚ್‌ಇಬಿಎ, ಸಂಖ್ಯಾಶಾಸ್ತ್ರ ಇದ್ದರೆ ಎಸ್‌ಇಬಿಎ, ಕಂಪ್ಯೂಟರ್ ವಿಜ್ಞಾನ ಇದ್ದರೆ ಸಿಇಬಿಎ. ಲೆಕ್ಕದಲ್ಲಿ ಕೈ ಪಳಗಿದವರು ಸಂಖ್ಯಾಶಾಸ್ತ್ರಕ್ಕೆ ಹೆದರಿ ಸುಮ್ಮನೆ ಇತಿಹಾಸ ಹಿಡಿಯಬೇಡಿ. ಮುಂದೆ ಬ್ಯಾಂಕು, ವಿಮೆ, ದತ್ತಾಂಶದ ಕೆಲಸಗಳಿಗೆ ಸಂಖ್ಯಾಶಾಸ್ತ್ರ ನೆರವಾಗುತ್ತದೆ.

ಪಿಯುಸಿ ಹೊರಗಿನ ದಾರಿಗಳನ್ನು ಇದೇ ಪುಟದಲ್ಲಿ, ಇಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷ. ಮುಗಿಸಿದವರು ಡಿಪ್ಲೊಮಾದವರಿಗಾಗಿಯೇ ಇರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರವಾಗಿ ಎಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ಸೇರಬಹುದು. ಕೈಗಾರಿಕಾ ತರಬೇತಿ ಸಂಸ್ಥೆ ಅಂದರೆ ಐಟಿಐಯಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ ಎರಡು ವರ್ಷ, ವೆಲ್ಡರ್ ಒಂದು ವರ್ಷ. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ದಾರಿಯಿದೆ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ನಡೆಸುವ ಟೂಲ್ ಅಂಡ್ ಡೈ ಮೇಕಿಂಗ್ (ಉಪಕರಣ ಮತ್ತು ಅಚ್ಚು ತಯಾರಿಕೆ) ಡಿಪ್ಲೊಮಾ ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಯಂತ್ರದ ಕೆಲಸ ಇಷ್ಟವಿರುವ, ಪುಸ್ತಕಕ್ಕಿಂತ ಕೈಯಿಂದ ಬೇಗ ಕಲಿಯುವ ಮಕ್ಕಳನ್ನು ಇಲ್ಲಿಗೆ ಕಳಿಸದೆ ವಿಜ್ಞಾನಕ್ಕೆ ತಳ್ಳುವುದು ಅನ್ಯಾಯ ಎಂದು ನನಗೆ ಅನ್ನಿಸುತ್ತದೆ. ‘ಅಂಕ ಕಡಿಮೆ ಬಂದವರು ಹೋಗುವ ಜಾಗ’ ಎಂಬ ಮಾತನ್ನು ನಂಬುವ ಮೊದಲು ಒಂದು ಪಾಲಿಟೆಕ್ನಿಕ್ ವರ್ಕ್‌ಶಾಪಿಗೆ ಹೋಗಿ ಬನ್ನಿ.

ದೇಹಕ್ಕೆ ಸಂಬಂಧಿಸಿದ ಷರತ್ತುಗಳನ್ನು ಈಗಲೇ ಪರೀಕ್ಷಿಸಿಕೊಳ್ಳಿ. ರೈಲು ಚಾಲಕ, ಪೈಲಟ್, ಹಡಗಿನ ಅಧಿಕಾರಿ ಮುಂತಾದ ಕೆಲಸಗಳಿಗೆ ಬಣ್ಣ ಗುರುತಿಸುವ ದೃಷ್ಟಿ ಸರಿಯಿರಬೇಕು. ಕೆಂಪು ಹಸಿರಿನ ಗೊಂದಲ ಹುಟ್ಟಿನಿಂದಲೇ ಇರುತ್ತದೆ, ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು, ಮತ್ತು ಇದೆ ಎಂದು ಎಷ್ಟೋ ಸಲ ಅವರಿಗೇ ಗೊತ್ತಿರುವುದಿಲ್ಲ. ಕಣ್ಣಿನ ಆಸ್ಪತ್ರೆಯಲ್ಲಿ ಚುಕ್ಕೆಗಳ ನಡುವಿನ ಅಂಕಿ ಓದಿಸುವ ಪರೀಕ್ಷೆ ಕೆಲವೇ ನಿಮಿಷದ್ದು.

ಹಂತ 5: ವರ್ಷ ಮತ್ತು ಹಣದ ಲೆಕ್ಕ

ಉಳಿದ ಆಯ್ಕೆಗಳಿಗೆ ಒಂದೊಂದು ಪುಟ ಕೊಡಿ. ಮೇಲೆ ಇಸವಿ ಬರೆದು, ಪ್ರತಿ ವರ್ಷದ ಖರ್ಚು ಮತ್ತು ಆ ಹಣ ಎಲ್ಲಿಂದ ಬರುತ್ತದೆ ಎಂದು ಕೆಳಗೆ ಬರೆಯಿರಿ. ಪಿಯುಸಿ ನಂತರ ಎಂಜಿನಿಯರಿಂಗ್ ನಾಲ್ಕು ವರ್ಷ. ಬಿಎಸ್ಸಿ ನರ್ಸಿಂಗ್ ನಾಲ್ಕು. ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ. ಪ್ರೌಢಶಾಲಾ ಶಿಕ್ಷಕರಾಗಲು ಪದವಿ, ಅದರ ಮೇಲೆ ಎರಡು ವರ್ಷದ ಬಿ.ಇಡಿ. ಮನೆಗೆ ಬೇಗ ದುಡಿಮೆ ಬೇಕಿರುವವರು ಮೊದಲ ಸಂಬಳದ ವರ್ಷಕ್ಕೆ ಕೆಂಪು ಗೆರೆ ಹಾಕಿ ನೋಡಿ.

ಶುಲ್ಕವೊಂದನ್ನೇ ಲೆಕ್ಕ ಹಾಕಿ ಮೋಸ ಹೋಗುವವರು ಹೆಚ್ಚು. ಹಾಸ್ಟೆಲ್, ಊಟ, ಬಸ್ ಪಾಸ್, ಪುಸ್ತಕ, ಲ್ಯಾಬ್ ಸಾಮಗ್ರಿ, ಕೋಚಿಂಗ್, ಊರಿಗೆ ಹೋಗಿ ಬರುವ ಖರ್ಚು ಸೇರಿದರೆ ಮೊತ್ತ ಬೇರೆಯೇ ಆಗುತ್ತದೆ. ಕಡಿಮೆ ಮಾಡುವ ದಾರಿಗಳನ್ನೂ ಪಕ್ಕದಲ್ಲಿ ಬರೆಯಿರಿ: ಸರ್ಕಾರಿ ಕಾಲೇಜು, ಹಿಂದುಳಿದ ವರ್ಗ ಮತ್ತು ಸಮಾಜ ಕಲ್ಯಾಣ ಇಲಾಖೆಗಳ ವಿದ್ಯಾರ್ಥಿನಿಲಯ, ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಸಿಗುವ ನೆರವು, ರೈತರ ಮಕ್ಕಳಿಗೆ ರೈತ ವಿದ್ಯಾನಿಧಿ. ವೃತ್ತಿಪರ ಕೋರ್ಸುಗಳಿಗೆ ಬ್ಯಾಂಕಿನ ಶಿಕ್ಷಣ ಸಾಲವೂ ಇದೆ, ಆದರೆ ಕಂತು ಶುರುವಾಗುವ ವರ್ಷವನ್ನೂ ಅದೇ ಪುಟದಲ್ಲಿ ಗುರುತು ಮಾಡಿ.

ಎಚ್ಚರಿಕೆಯ ಗಂಟೆ ಇದು: ಒಂದು ಸೀಟಿಗಾಗಿ ಜಮೀನು ಮಾರಬೇಕು ಅಥವಾ ಅಕ್ಕನ ಮದುವೆಗೆಂದು ಇಟ್ಟ ಒಡವೆ ಅಡವಿಡಬೇಕು ಎಂಬ ಮಾತು ಬಂದ ಕೂಡಲೇ ನಿಲ್ಲಿಸಿ. ಅದೇ ಕೆಲಸಕ್ಕೆ ಕಡಿಮೆ ಖರ್ಚಿನ ಬೇರೆ ದಾರಿ ಇದೆಯೇ ಎಂದು ನಾಲ್ಕನೆಯ ಹಂತಕ್ಕೆ ಹಿಂತಿರುಗಿ. ಹಾಗೆ ತಂದ ಹಣದ ಭಾರ ಹೊತ್ತ ಮಗು, ಓದು ಹಿಡಿಸದಿದ್ದರೂ ಬಾಯಿ ಬಿಡಲಾರದು.

ಹಂತ 6: ಮನೆಯವರ ಜೊತೆ ಕೂರುವುದು

ನೋಟ್‌ಬುಕ್ ಇಲ್ಲದೆ ಈ ಮಾತಿಗೆ ಕೂರಬೇಡಿ. ನೆಂಟರು ಬಂದಿರುವಾಗ, ಅಪ್ಪ ದಣಿದು ಬಂದಾಗ, ಫಲಿತಾಂಶದ ದಿನ ಬೇಡ. ಮೊದಲು ಮನೆಯವರು ಬಯಸಿದ ಕೆಲಸವನ್ನು ನೋಡಿ ಬಂದ ಪುಟ ತೋರಿಸಿ. ಅವರ ಮಾತಿಗೆ ಬೆಲೆ ಕೊಟ್ಟು ಒಂದು ದಿನ ಹೋಗಿ ನೋಡಿದ್ದೀರಿ ಎಂದು ತಿಳಿದರೆ ಅವರೂ ಕಿವಿಗೊಡುತ್ತಾರೆ. ಆಮೇಲೆ ನಿಮ್ಮ ಆಯ್ಕೆಯ ಪುಟ, ಕೊನೆಗೆ ಹಣದ ಪುಟ.

ಅವರ ಆಕ್ಷೇಪಣೆಗಳನ್ನು ಅವರ ಮುಂದೆಯೇ ಬರೆದುಕೊಳ್ಳಿ. ‘ಹುಡುಗಿಯನ್ನು ಅಷ್ಟು ದೂರ ಕಳಿಸುವುದು ಹೇಗೆ’ ಎಂದರೆ ಅದಕ್ಕೆ ಉತ್ತರ ವಾದದಲ್ಲಿಲ್ಲ. ಹಾಸ್ಟೆಲ್ ಎಲ್ಲಿದೆ, ವಾರ್ಡನ್ ಯಾರು, ಕೊನೆಯ ಬಸ್ ಎಷ್ಟು ಹೊತ್ತಿಗೆ, ನಮ್ಮೂರಿನವರು ಯಾರಾದರೂ ಅಲ್ಲಿ ಓದುತ್ತಿದ್ದಾರೆಯೇ ಎಂಬ ವಿವರದಲ್ಲಿದೆ. ಮನೆಯವರನ್ನೇ ಕರೆದುಕೊಂಡು ಹೋಗಿ ಕಾಲೇಜು ತೋರಿಸಿ. ತೀರಾ ಮಾತು ಮುಂದೆ ಹೋಗದಿದ್ದರೆ ಅವರು ಗೌರವಿಸುವ ಶಿಕ್ಷಕರೊಬ್ಬರನ್ನು ಮನೆಗೆ ಕರೆಯಿರಿ.

ಹಂತ 7: ಕಾಗದಪತ್ರ, ಅರ್ಜಿಗೆ ಮುಂಚೆಯೇ

ಎಷ್ಟೋ ಒಳ್ಳೆಯ ನಿರ್ಧಾರಗಳು ಕೊನೆಯಲ್ಲಿ ಒಂದು ಸಹಿಗಾಗಿ ಮುರಿದುಬೀಳುತ್ತವೆ. ಕ್ರಮ ಹೀಗಿರಲಿ.

ಮೊದಲು ಹೆಸರು. ಆಧಾರ್‌ನಲ್ಲಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ, ಜಾತಿ ಪ್ರಮಾಣಪತ್ರದಲ್ಲಿ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ನಿಮ್ಮ ಮತ್ತು ತಂದೆಯ ಹೆಸರಿನ ಕಾಗುಣಿತ, ಇನಿಷಿಯಲ್, ಜನ್ಮದಿನಾಂಕ ಒಂದೇ ಇದೆಯೇ ನೋಡಿ. ಅಂಕಪಟ್ಟಿಯಲ್ಲಿ ತಪ್ಪಿದ್ದರೆ ಮುಖ್ಯೋಪಾಧ್ಯಾಯರ ಮೂಲಕ ತಿದ್ದುಪಡಿಗೆ ಬರೆಯಬೇಕು. ಅದಕ್ಕೆ ಸಮಯ ಹಿಡಿಯುತ್ತದೆ.

ಎರಡನೆಯದು ಜಾತಿ ಮತ್ತು ಆದಾಯ ಪ್ರಮಾಣಪತ್ರ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ತಹಶೀಲ್ದಾರರು ನೀಡುತ್ತಾರೆ. ಹಳೆಯದು ಇದ್ದರೆ ಅದರ ಅವಧಿ ಮುಗಿದಿಲ್ಲವೇ ಎಂದು ನೋಡಿ. ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ವಿದ್ಯಾರ್ಥಿವೇತನಕ್ಕೂ ಸಿಇಟಿ ಅರ್ಜಿಗೂ ಅದೇ ಸಂಖ್ಯೆ ಕೇಳುತ್ತಾರೆ.

ಮೂರನೆಯದು ವ್ಯಾಸಂಗ ಪ್ರಮಾಣಪತ್ರಗಳು. ಒಂದರಿಂದ ಹತ್ತನೆಯ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮದ ಮೀಸಲಾತಿ ಇದೆ. ಮುಂದೆ ಸಿಇಟಿಯಲ್ಲಿ ಸಾಮಾನ್ಯವಾಗಿ ಕರ್ನಾಟಕದಲ್ಲಿ ಏಳು ವರ್ಷ ಓದಿದ ದಾಖಲೆ ಕೇಳುತ್ತಾರೆ. ಇವಕ್ಕೆ ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಎರಡು ಮೂರು ಶಾಲೆಗಳಲ್ಲಿ ಓದಿದವರು ಪ್ರತಿ ಶಾಲೆಗೂ ಹೋಗಬೇಕು, ಮೇ ತಿಂಗಳಲ್ಲಿ ಶಾಲೆ ಮುಚ್ಚಿರುತ್ತದೆ. ಆದ್ದರಿಂದ ಪರೀಕ್ಷೆ ಮುಗಿದ ಕೂಡಲೇ, ಶಾಲೆ ಮುಚ್ಚುವ ಮೊದಲೇ ಮಾಡಿಸಿಡಿ. ಪಿಯುಸಿ ಮುಗಿದ ಮೇಲೆ ನೋಡಿಕೊಳ್ಳೋಣ ಎಂದು ಬಿಟ್ಟರೆ ಅಷ್ಟರಲ್ಲಿ ಹಳೆಯ ಶಾಲೆಯ ದಾಖಲೆ ಹುಡುಕುವುದೇ ಒಂದು ಕೆಲಸವಾಗುತ್ತದೆ.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳವರು, ಈ ಭಾಗದವರಿಗೆ ಸಂವಿಧಾನ ಕೊಟ್ಟಿರುವ ವಿಶೇಷ ಮೀಸಲಾತಿಗೆ ಬೇಕಾದ 371(ಜೆ) ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಪಡೆದಿಟ್ಟುಕೊಳ್ಳಬೇಕು. ಎಲ್ಲ ಪತ್ರಗಳ ಮೂರು ಪ್ರತಿ, ಮೊಬೈಲಿನಲ್ಲಿ ಸ್ಪಷ್ಟವಾದ ಒಂದೊಂದು ಚಿತ್ರ ಇರಲಿ.

ಹಂತ 8: ಎರಡು ಕಡೆ ಅರ್ಜಿ, ಒಂದು ಕಡೆ ಪ್ರವೇಶ

ಮೊದಲ ಆಯ್ಕೆಯ ಜೊತೆಗೆ ಎರಡನೆಯದಕ್ಕೂ ಅರ್ಜಿ ಹಾಕಿ. ಪಿಯುಸಿಗೆ ಹಾಕಿದವರು ಪಾಲಿಟೆಕ್ನಿಕ್‌ಗೂ ಹಾಕಬಹುದು. ಪ್ರವೇಶದ ದಿನಾಂಕಗಳು ಬೇರೆ ಬೇರೆ ಇರುತ್ತವೆ, ಗೋಡೆಯ ಕ್ಯಾಲೆಂಡರಿನಲ್ಲಿ ಎರಡನ್ನೂ ಗುರುತಿಸಿ. ಮೂಲ ವರ್ಗಾವಣೆ ಪತ್ರ ಕೊಡುವ ಮೊದಲು ಎರಡು ಸಲ ಯೋಚಿಸಿ, ಹಿಂತೆಗೆದುಕೊಂಡರೆ ಕಟ್ಟಿದ ಶುಲ್ಕದಲ್ಲಿ ಎಷ್ಟು ಮರಳಿ ಬರುತ್ತದೆ ಎಂದು ಬರಹದಲ್ಲಿ ಕೇಳಿ.

ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಿ ಮರುಳಾಗಬೇಡಿ. ನಿಮ್ಮ ನಾಲ್ಕು ಐಚ್ಛಿಕ ವಿಷಯಗಳಿಗೂ ಉಪನ್ಯಾಸಕರು ಇದ್ದಾರೆಯೇ, ಕಳೆದ ವರ್ಷ ಎಷ್ಟು ತಿಂಗಳು ಇದ್ದರು, ಪ್ರಯೋಗಾಲಯದ ಬೀಗ ವಾರಕ್ಕೆ ಎಷ್ಟು ಸಲ ತೆಗೆಯುತ್ತಾರೆ ಎಂದು ಅಲ್ಲಿ ಓದುತ್ತಿರುವ ಮಕ್ಕಳನ್ನೇ ಗೇಟಿನ ಹೊರಗೆ ಕೇಳಿ. ಬ್ಯಾನರಿನಲ್ಲಿ ಹತ್ತು ಮುಖಗಳಿದ್ದರೆ ಉಳಿದ ಮಕ್ಕಳು ಏನಾದರು ಎಂದೂ ಕೇಳಿ. ‘ಇವತ್ತೇ ಕಟ್ಟಿದರೆ ರಿಯಾಯಿತಿ’ ಎಂದು ಅವಸರಪಡಿಸುವ ಜಾಗದಿಂದ ಎದ್ದು ಬನ್ನಿ.

ಹಂತ 9: ಸೇರಿದ ಮೇಲಿನ ಮೊದಲ ಎರಡು ತಿಂಗಳು

ಆರಂಭದಲ್ಲಿ ಎಲ್ಲರಿಗೂ ಕಷ್ಟವಾಗುತ್ತದೆ. ಅದನ್ನು ತಪ್ಪು ಆಯ್ಕೆ ಎಂದುಕೊಳ್ಳಬಾರದು. ಸಾಮಾನ್ಯ ಕಷ್ಟ ಹೀಗಿರುತ್ತದೆ: ಪಾಠ ವೇಗವಾಯಿತು, ಇಂಗ್ಲಿಷ್ ತಿಳಿಯದು, ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಬಿತ್ತು, ಆದರೆ ಒಬ್ಬರು ಕೂತು ಹೇಳಿಕೊಟ್ಟರೆ ಅರ್ಥವಾಗುತ್ತದೆ, ವಾರದಿಂದ ವಾರಕ್ಕೆ ಸ್ವಲ್ಪ ಹಗುರಾಗುತ್ತದೆ.

ಅಪಾಯದ ಸೂಚನೆಗಳು ಬೇರೆ. ಅರ್ಥವಾದ ಪಾಠವೂ ಬೇಡವೆನ್ನಿಸುವುದು. ಒಂದೇ ಐಚ್ಛಿಕ ವಿಷಯದ ತರಗತಿಯನ್ನು ಮತ್ತೆ ಮತ್ತೆ ತಪ್ಪಿಸುವುದು. ಮೂರನೆಯ ಹಂತದಲ್ಲಿ ನೋಡಿದ ಕೆಲಸವನ್ನು ನೆನೆದರೂ ಮನಸ್ಸು ಅರಳದಿರುವುದು. ನಿದ್ದೆ, ಊಟ ಕೆಡುವುದು. ಕೊನೆಯದು ಕಂಡರೆ ಅಂಕ, ಶುಲ್ಕದ ಮಾತೆಲ್ಲ ಬದಿಗಿಟ್ಟು ಮೊದಲು ಮನೆಗೆ ತಿಳಿಸಿ. ಹೇಳಲು ಯಾರೂ ಇಲ್ಲ ಎನ್ನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಅದು ಉಚಿತ, ಯಾವ ಹೊತ್ತಿನಲ್ಲೂ ಸಿಗುತ್ತದೆ.

ವಿಷಯ ಅಥವಾ ವಿಭಾಗ ಬದಲಾಯಿಸಬೇಕೆನ್ನಿಸಿದರೆ ದಿನ ದೂಡದೆ ಪ್ರಾಂಶುಪಾಲರನ್ನು ಕಂಡು ಆ ವರ್ಷದ ಕೊನೆಯ ದಿನಾಂಕ ಕೇಳಿ, ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆ ದಿನಾಂಕ ದಾಟಿದ್ದರೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನಿಮ್ಮ ಕೈಯಲ್ಲೇ ಇದೆ. ಅದರ ಮೇಲೆ ಮುಂದಿನ ವರ್ಷ ಡಿಪ್ಲೊಮಾ, ಐಟಿಐ ಅಥವಾ ಬೇರೆ ವಿಭಾಗದ ಪಿಯುಸಿಗೆ ಅರ್ಜಿ ಹಾಕಬಹುದು. ಹಾಗೆ ಮಾಡುವುದಾದರೆ ನಡುವಿನ ತಿಂಗಳುಗಳನ್ನು ಸುಮ್ಮನೆ ಕಳೆಯದೆ, ಮೂರನೆಯ ಹಂತದಲ್ಲಿ ನೋಡಲು ಬಿಟ್ಟುಹೋದ ಕೆಲಸಗಳಿರುವ ಕಡೆ ಒಂದೊಂದು ವಾರ ಹೋಗಿ ಬನ್ನಿ.